ಜೇಬಿಲ್ಲದ ಅಂಗಿಯ ಪ್ಯಾನಲ್ ಮಾಸ್ತರರು

ಅವರ ಅಂಗಿಗೆ ಜೇಬಿರಲಿಲ್ಲ. ಹದಿನಾರು ವರ್ಷ ಅವರ ಜೊತೆ ಕೆಲಸ ಮಾಡಿದ್ದೇನೆ. ಅಷ್ಟೂ ವರ್ಷ ಅವರು ತೊಟ್ಟದ್ದು ಬೂದಿ ಬಣ್ಣದ ಅರ್ಧ ತೋಳಿನ ಅಂಗಿಗಳನ್ನೇ. ಎದೆಯ ಎಡಭಾಗವೂ ಬಲಭಾಗದಷ್ಟೇ ಬಯಲು. ಪ್ಯಾಂಟಿನ ಜೇಬುಗಳ ಬಾಯನ್ನೂ ಹೊಲಿಸಿಬಿಟ್ಟಿದ್ದರು. ಪೆನ್ನು ಕಿವಿಯ ಮೇಲೆ, ಬಸ್ಸಿನ ಟಿಕೆಟ್ಟು ಕೈಗಡಿಯಾರದ ಪಟ್ಟಿಯಡಿ, ಉಳಿದದ್ದೆಲ್ಲ ಹೆಗಲ ಚೀಲದಲ್ಲಿ. ಹೊಸಬರು ನೋಡಿ ನಗುತ್ತಿದ್ದರು. ಅವರೂ ನಗುತ್ತಿದ್ದರು. ಕಾರಣ ಮಾತ್ರ ಹೇಳುತ್ತಿರಲಿಲ್ಲ. ಜೇಬಿದ್ದ ಅಂಗಿಯಲ್ಲಿ ಅವರನ್ನು ನಾನು ನೋಡಿದ್ದು ಒಂದೇ ಸಲ.

ಅವರು ತೀರಿಕೊಂಡು ನಲವತ್ತು ದಿನವಾಯಿತು. ಬರೆಯಬೇಕೆಂದು ಮೂರು ಸಲ ಕೂತು ಎದ್ದಿದ್ದೇನೆ. ಆದ್ದರಿಂದ ನಿಧಾನವಾಗಿ, ಕಂಡದ್ದನ್ನು ಕಂಡಷ್ಟೇ ಬರೆಯುತ್ತೇನೆ. ಕೇಳಿದ್ದಾದರೆ ಕೇಳಿದ್ದು ಎಂದು ಹೇಳುತ್ತೇನೆ.

ಹೆಸರು ಬರೆಯುವುದಿಲ್ಲ. ನಮ್ಮ ಕಸುಬಿನಲ್ಲಿ ಪ್ಯಾನಲ್, ಅಂದರೆ ಗಿರಣಿಯ ಮಷೀನುಗಳನ್ನು ನಡೆಸುವ ವಿದ್ಯುತ್ ಕಪಾಟು, ಮಾಡಿಕೊಟ್ಟವರು ಅದರ ಬಾಗಿಲ ಮೇಲೆ ತಮ್ಮ ಹೆಸರು, ಫೋನ್ ನಂಬರಿನ ಹೊಳೆಯುವ ಚೀಟಿ ಅಂಟಿಸುವುದು ರೂಢಿ. ಇವರು ಬಾಗಿಲ ಒಳಮೈಯಲ್ಲಿ ಆ ದಿನದ ತಾರೀಖು, ಏನು ಬದಲಾಯಿಸಿದೆವು ಎಂಬ ಒಂದು ಸಾಲು, ಇಷ್ಟೇ ಬರೆಯುತ್ತಿದ್ದರು. ನಾನು ಒಮ್ಮೆ ಚೀಟಿ ಮಾಡಿಸೋಣ ಎಂದಿದ್ದೆ. "ಹೆಸರು ನೋಡಿ ಮಷೀನು ಹೆದರಿ ನಡೀತೈತೇನಪ?" ಎಂದರು. ಅವರ ಪ್ಯಾನಲಿಗಿಲ್ಲದ ಹೆಸರು ಅವರ ಮೇಲಿನ ಬರಹಕ್ಕೂ ಬೇಡ. ಮಿಲ್ಲುಗಳಲ್ಲಿ ಎಲ್ಲರೂ ಕರೆಯುತ್ತಿದ್ದಂತೆ ಪ್ಯಾನಲ್ ಮಾಸ್ತರರು ಎಂದರೆ ಸಾಕು. ಅವರು ಯಾವ ಸಾಲೆಯಲ್ಲೂ ಮಾಸ್ತರಿಕೆ ಮಾಡಿದವರಲ್ಲ. ತಪ್ಪು ಮಾಡಿದವನನ್ನು ಎರಡನೆಯ ಸಲ ಅದೇ ಕೆಲಸಕ್ಕೆ ಕೂರಿಸುತ್ತಿದ್ದರು, ಅದಕ್ಕೆ ಆ ಹೆಸರು.

ಮನೆ ಕುರುಗೋಡಿನಲ್ಲಿ. ಅಂಗಡಿ ಬಳ್ಳಾರಿಯ ಗಾಂಧಿನಗರದಲ್ಲಿ, ಒಂದು ಶಟರಿನ ಅಗಲ. ದಿನಾ ಬೆಳಿಗ್ಗೆ ಬಸ್ಸಿಗೆ ಬಂದು ಶಟರ್ ಎತ್ತುತ್ತಿದ್ದರು. ಕೆಲಸವೆಲ್ಲ ಸಿರುಗುಪ್ಪ, ತೆಕ್ಕಲಕೋಟೆ ಕಡೆಯ ಅಕ್ಕಿ ಗಿರಣಿಗಳದು. ಮೊದಲು ಮೋಟಾರು ವೈಂಡಿಂಗ್ ಮಾಡುತ್ತಿದ್ದರಂತೆ. ಗಿರಣಿಗಳಲ್ಲಿ ಗೋಡೆಯಗಲದ ರಿಲೇ ಕಪಾಟುಗಳು ಹೋಗಿ, ಕಬ್ಬಿಣದ ಪಟ್ಟಿಗೆ ಒಂದರ ಪಕ್ಕ ಒಂದು ಸಿಕ್ಕಿಸುವ ಪುಟ್ಟ ಪುಟ್ಟ ಮಾಡ್ಯೂಲುಗಳು ಬಂದಾಗ ಅವರಿಗೆ ನಲವತ್ತು ದಾಟಿತ್ತು. ಜೊತೆಯವರು ಇದು ನಮ್ಮ ಕೈಲಾಗದು ಎಂದು ಬಿಟ್ಟರು. ಇವರು ನಿಘಂಟು ಇಟ್ಟುಕೊಂಡು ಇಂಗ್ಲಿಷ್ ಪುಸ್ತಕ ಓದಿದರು. ನಾನು ಡಿಪ್ಲೊಮಾ ಮುಗಿಸಿ ಅವರ ಹತ್ತಿರ ಸೇರಿದಾಗ ಅವರಿಗೆ ಗೊತ್ತಿದ್ದರ ಕಾಲುಭಾಗವೂ ನನಗೆ ಗೊತ್ತಿರಲಿಲ್ಲ.

ಮೊದಲ ದಿನ ಒಂದು ಪ್ಯಾನಲ್ ತೆರೆದು, "ಎಲ್ಲಿಂದ ನೋಡ್ತಿ?" ಎಂದು ಕೇಳಿದರು.

"ಕಂಟ್ರೋಲರ್‌ನಿಂದ ಸರ್. ಎಡಕ್ಕಿರೋದು."

"ನಾ ಬಲಕ್ಕಿಂದ ನೋಡ್ತೀನಿ. ಕೊನಿ ಸರಿ ಐತಿಲ್ಲೋ ಅದು ಮೊದ್ಲು."

ಅವರು ಕೊನಿ ಎಂದದ್ದು ಸಾಲಿನ ತುದಿಗೆ ಹಾಕುವ ಟರ್ಮಿನೇಟರನ್ನು. ಹೆಬ್ಬೆರಳಿನಷ್ಟು ಪ್ಲಾಸ್ಟಿಕ್ ತುಣುಕು. ಅದರಲ್ಲಿ ದೀಪವಿಲ್ಲ, ಅದಕ್ಕೆ ತಂತಿ ಬರುವುದಿಲ್ಲ, ಅದರಿಂದ ಹೋಗುವುದಿಲ್ಲ. ನೋಡಿದವರು ಮುಚ್ಚಳ ಅಂದುಕೊಳ್ಳುತ್ತಾರೆ. ನಾನೂ ಅಂದುಕೊಂಡಿದ್ದೆ. ಕಂಟ್ರೋಲರ್ ಹೇಳುವ ಮಾತು ಆ ಸಾಲಿನ ಮಾಡ್ಯೂಲುಗಳ ಮೂಲಕ ಹಾದು ತುದಿಗೆ ಬರುತ್ತದೆ. ತುದಿಯಲ್ಲಿ ಅದನ್ನು ಹೀರಿಕೊಳ್ಳುವವರು ಯಾರೂ ಇಲ್ಲದಿದ್ದರೆ ತಿರುಗಿ ಬಂದು, ಹಿಂದೆ ಬರುತ್ತಿರುವ ಮಾತಿಗೆ ಡಿಕ್ಕಿ ಹೊಡೆಯುತ್ತದೆ.

ಇದನ್ನು ಅವರು ಪುಸ್ತಕದಿಂದ ಹೇಳಿಕೊಡಲಿಲ್ಲ. ಹಚ್ಚೊಳ್ಳಿ ಹತ್ತಿರ ಕಾಲುವೆಯ ಪಕ್ಕ ಬಸ್ಸು ಕೆಟ್ಟು ನಿಂತಾಗ, ನನ್ನನ್ನು ಕೆಳಗಿಳಿಸಿ ಒಂದು ಹೊಲಗಾಲುವೆಯ ಬಳಿ ಕರೆದೊಯ್ದರು. ಅದರ ತುದಿಗೆ ಮಣ್ಣು ಹಾಕಿ ಕಟ್ಟಿತ್ತು. ಮೇಲುಗಡೆಯಿಂದ ಅಂಗೈಯಿಂದ ನೀರನ್ನು ಜೋರಾಗಿ ತಳ್ಳಿದರು. ಅಲೆ ಹೋಗಿ ಮಣ್ಣಿಗೆ ಬಡಿದು ವಾಪಸು ಬಂತು. ಆಮೇಲೆ ತುದಿಯ ಮಣ್ಣನ್ನು ಕಾಲಿಂದ ಸರಿಸಿ, ಗದ್ದೆಗೆ ನೀರು ಬಿಟ್ಟು, ಮತ್ತೆ ತಳ್ಳಿದರು. ಈ ಸಲ ಅಲೆ ತಿರುಗಿ ಬರಲಿಲ್ಲ.

"ಕೊನ್ಯಾಗ ನೀರು ಕುಡಿಯೋ ಹೊಲ ಬೇಕು. ಇಲ್ಲಾಂದ್ರ ಕಳಿಸಿದ್ದು ನಿನ್ನ ಮುಖಕ್ಕ ಬರ್ತೈತಿ."

ಹೊಲದವನು ದೂರದಿಂದ, "ಯಾವನಲೇ ಅಂವ ನನ್ನ ಒಡ್ಡು ಒಡ್ಯಾಂವ?" ಎಂದು ಕೂಗಿದ. ಮಾಸ್ತರರು ಪ್ಯಾಂಟು ಮಡಚಿ ಮಣ್ಣು ಮುಂಚಿನಂತೆ ಕಟ್ಟಿಕೊಟ್ಟರು. ಬಸ್ಸು ಹೊರಟು ಹೋಗಿತ್ತು.

ಎಲ್ಲವನ್ನೂ ಕೊನೆಯಿಂದ ಶುರು ಮಾಡುವ ಮನುಷ್ಯ ಎಂದು ಜನ ಅವರನ್ನು ಗೇಲಿ ಮಾಡುತ್ತಿದ್ದರು. ಮದುವೆ ಊಟದಲ್ಲಿ ಮಾತ್ರ ಮೊದಲ ಪಂಕ್ತಿಯಲ್ಲೇ ಕೂರುತ್ತಿದ್ದರು. ಕೇಳಿದರೆ, "ಕೊನೀ ಪಂಕ್ತ್ಯಾಗ ಹೋಳಿಗಿ ಇರಂಗಿಲ್ಲ, ಅದನ್ನೂ ಪರೀಕ್ಷಾ ಮಾಡೀನಿ" ಎನ್ನುತ್ತಿದ್ದರು.

ಅವರಿಗೊಂದು ಸ್ಟೀಲಿನ ಬುತ್ತಿ ಡಬ್ಬಿ ಇತ್ತು. ಪ್ಯಾನಲ್ ಬಿಚ್ಚುವ ಮೊದಲು ಅದರ ಮುಚ್ಚಳ ತೆಗೆದು ನೆಲದ ಮೇಲೆ ಅಂಗಾತ ಇಡುತ್ತಿದ್ದರು. ಬಿಚ್ಚಿದ ಸ್ಕ್ರೂ, ತುಣುಕು, ಲೇಬಲ್ಲು, ಎಲ್ಲ ಮುಚ್ಚಳಕ್ಕೆ. ಮುಚ್ಚಳ ಖಾಲಿಯಾಗದೆ ಡಬ್ಬಿ ಮುಚ್ಚುವಂತಿಲ್ಲ, ಮುಚ್ಚಳ ಖಾಲಿಯಾಗದೆ ಊಟವೂ ಇಲ್ಲ. ರೊಟ್ಟಿ ಒಣಗಿ ಹಪ್ಪಳವಾದ ದಿನಗಳು ಎಷ್ಟೋ. ನನಗೂ ಅಂಥದೇ ಡಬ್ಬಿ ಕೊಡಿಸಿದ್ದರು.

ಅವರ ಅಂಗಿ ಹೊಲಿಯುತ್ತಿದ್ದವನು ಹಗಲೆಲ್ಲ ಜೀನ್ಸ್ ಹೊಲಿಗೆಯ ಘಟಕವೊಂದರಲ್ಲಿ ಪ್ಯಾಂಟಿಗೆ ಜೇಬು ಮಾತ್ರ ಹೊಲಿಯುವ ಟೇಲರು. ಸಂಜೆ ಮನೆಯಲ್ಲಿ ಇವರ ಅಂಗಿ ಹೊಲಿಯುತ್ತಿದ್ದ. "ಮಾಸ್ತರ್ರ, ದಿನಪೂರ್ತಿ ಜೇಬು ಹೊಲದು ಕಣ್ಣು ಹೋಗ್ಯಾವ. ನಿಮ್ಮ ಅಂಗಿ ಅಂದ್ರ ನನಗ ಆದಿತ್ಯವಾರ ಬಂದಂಗ" ಎನ್ನುತ್ತಿದ್ದ. ಅವನಿಗೂ ಕಾರಣ ಗೊತ್ತಿರಲಿಲ್ಲ.

ಈಗ ಒಂಬತ್ತು ವರ್ಷದ ಹಿಂದಿನ ಮಾತಿಗೆ ಬರುತ್ತೇನೆ.

ಸಿರುಗುಪ್ಪದ ಒಂದು ಗಿರಣಿಯಲ್ಲಿ ಭತ್ತ ಒಣಗಿಸುವ ಹೊಸ ಡ್ರೈಯರ್ ಕೂರಿಸಿದ್ದರು. ಅದರ ಸಲುವಾಗಿ ಪ್ಯಾನಲಿನ ಸಾಲಿಗೆ ಇನ್ನೊಂದು ಮಾಡ್ಯೂಲ್ ಸೇರಿಸಬೇಕಿತ್ತು. ಮಾಸ್ತರರಿಗೆ ಅದೇ ದಿನ ತೆಕ್ಕಲಕೋಟೆಯಲ್ಲಿ ಕೆಲಸ. ನಾನೊಬ್ಬನೇ ಹೋದೆ. ಹೊಸ ಮಾಡ್ಯೂಲ್ ಸೇರಿಸಲು ತುದಿಯ ಟರ್ಮಿನೇಟರ್ ತೆಗೆದು, ಮಾಡ್ಯೂಲ್ ಸಿಕ್ಕಿಸಿ, ಮತ್ತೆ ಅದರ ತುದಿಗೆ ಟರ್ಮಿನೇಟರ್ ಹಾಕಬೇಕು. ತೆಗೆದೆ. ಮುಚ್ಚಳದಲ್ಲಿಟ್ಟೆ. ಮಾಡ್ಯೂಲ್ ಸಿಕ್ಕಿಸಿದೆ.

ಅಷ್ಟರಲ್ಲಿ ಗಿರಣಿಯ ಫಿಟ್ಟರ್ ಹುಸೇನಪ್ಪ ಒಳಗೆ ಬಂದ. ಹಚ್ಚೊಳ್ಳಿಯವನು, ನನ್ನದೇ ವಯಸ್ಸು. ಕೈಯಲ್ಲಿ ಪೇಪರಿನ ಪೊಟ್ಟಣ.

"ಏನಪ ಇಂಜಿನಿಯರಾ, ಹೊಟ್ಟಿಗೆ ಏನರ ಹಾಕ್ಯಂಡಿಯಿಲ್ಲೋ? ವಗ್ಗರಣಿ ಮಿರ್ಚಿ ತಂದೀನಿ. ತಟ್ಟಿ ಕೊಡು."

"ತಟ್ಟಿ ಇಲ್ಲೋ ಮಾರಾಯ."

"ಇದೇನು ಮತ್ತ?" ಎಂದು ಮುಚ್ಚಳ ತೋರಿಸಿದ.

ಮುಚ್ಚಳದಲ್ಲಿ ಆಗ ಇದ್ದದ್ದು ಆ ಒಂದು ತುಣುಕು ಮಾತ್ರ. ಅದನ್ನು ಎತ್ತಿ ನನ್ನ ಅಂಗಿಯ ಜೇಬಿಗೆ ಹಾಕಿಕೊಂಡು ಮುಚ್ಚಳ ಕೊಟ್ಟೆ. ಅವನು ಮಂಡಕ್ಕಿಯ ವಗ್ಗರಣೆ ಸುರಿದ. ಇಬ್ಬರೂ ಅದರಲ್ಲೇ ತಿಂದೆವು. ಅವನ ಮಗಳಿಗೆ ಮೊದಲ ಹಲ್ಲು ಬಂದದ್ದನ್ನು ಹೇಳಿದ. ಮುಚ್ಚಳ ತೊಳೆದು ಡಬ್ಬಿಗೆ ಹಾಕಿದೆ. ಮುಚ್ಚಳ ಖಾಲಿಯಾಗಿತ್ತು. ಖಾಲಿ ಮುಚ್ಚಳ ಎಂದರೆ ಕೆಲಸ ಮುಗಿದಂತೆ ಎಂಬ ಏಳು ವರ್ಷದ ಅಭ್ಯಾಸ ಕೈಗೆ. ಪ್ಯಾನಲ್ ಚಾಲೂ ಮಾಡಿದೆ. ಎಲ್ಲ ದೀಪಗಳೂ ಹಸಿರು. ಕೊನೆಯ ತುಣುಕು ಇಲ್ಲದಿದ್ದರೂ ಸಾಲು ಕೆಲವು ಸಲ ನಡೆಯುತ್ತದೆ. ಅದೇ ಅದರ ಮೋಸ. ಬಾಗಿಲ ಒಳಮೈಯಲ್ಲಿ ತಾರೀಖು ಬರೆದು ಬಳ್ಳಾರಿಗೆ ಬಂದೆ.

ಮರುದಿನ ಮಧ್ಯಾಹ್ನ ಭತ್ತವನ್ನು ಮೇಲಕ್ಕೆ ಎತ್ತುವ ಎಲಿವೇಟರ್ ತಾನಾಗಿ ನಿಂತಿತು. ಭತ್ತ ಸಿಕ್ಕಿಕೊಂಡಿದೆ ಎಂದುಕೊಂಡು ಹುಸೇನಪ್ಪ ಬುಡದ ತಗ್ಗಿನ ಮುಚ್ಚಳ ತೆಗೆದು ಕೈ ಹಾಕಿದ. ಎಲಿವೇಟರ್ ತಿರುಗಿತು. ಬಲಗೈಯ ಎರಡು ಬೆರಳು ಹೋದವು.

ಅದರ ಮರುದಿನ ಬೆಳಿಗ್ಗೆ ಮಾಸ್ತರರು ನನ್ನನ್ನು ಮೊದಲು ಕರೆದೊಯ್ದದ್ದು ಗಿರಣಿಗಲ್ಲ, ಅವನನ್ನು ಸೇರಿಸಿದ್ದ ಬಳ್ಳಾರಿಯ ಆಸ್ಪತ್ರೆಗೆ. ಕೈಗೆ ದಪ್ಪ ಬ್ಯಾಂಡೇಜ್. ನಮ್ಮನ್ನು ನೋಡಿದವನೇ ಎದ್ದು ಕೂರಲು ಹೋದ.

"ಮಾಸ್ತರ್ರ, ನಾ ಒತ್ತಿಲ್ರಿ. ತಾನಾ ತಿರಿಗ್ತು. ಮ್ಯಾನೇಜರ್ರು ನಾನ ಸ್ಟಾರ್ಟ್ ಒತ್ತಿ ಕೈ ಹಾಕೀನಿ ಅಂತ ಬರೀತಾರಂತ. ಹಂಗ ಬರದ್ರ ಕೆಲಸಾನೂ ಹೋತು, ಆಸ್ಪತ್ರಿನೂ ನಾನ ನೋಡ್ಕೋಬೇಕು. ನನ್ನ ಮಾತು ಯಾರೂ ನಂಬವಲ್ರು."

"ಎದಕ್ಕ ನಂಬವಲ್ರು?"

"ಮಷೀನು ತಾನಾಗಿ ಹೆಂಗ ತಿರುಗ್ತೈತಿ ಅಂತಾರ್ರಿ."

ಮಾಸ್ತರರು ಅವನ ಬ್ಯಾಂಡೇಜಿನ ಕೈಯನ್ನು ಮೆಲ್ಲಗೆ ದಿಂಬಿನ ಮೇಲೆ ಇರಿಸಿದರು. "ನೀ ತಾನಾ ತಿರಿಗ್ತು ಅಂದ್ರ ತಾನಾ ತಿರಿಗಿರ್ತೈತಿ. ಹೋಗಿ ನೋಡ್ಕ್ಯಂಡು ಬರ್ತೀವಿ" ಎಂದರು. ಅವನು ನನ್ನ ಕಡೆ ನೋಡಿ, "ಮಿರ್ಚಿ ಬಾಳ ಖಾರ ಇದ್ವು ಅಲ್ಲ ಮೊನ್ನಿ" ಎಂದ. ನಗಲು ನೋಡಿದ.

ಗಿರಣಿ ನಿಲ್ಲಿಸಿದ್ದರು. ಪ್ಯಾನಲ್ ಕೋಣೆಗೆ ಹೋದವರು ನಾವಿಬ್ಬರೇ. ಮಾಸ್ತರರು ಬಾಗಿಲು ತೆರೆದು, ಅಭ್ಯಾಸದಂತೆ ಸಾಲಿನ ಬಲತುದಿಗೆ ಬೆರಳು ಒಯ್ದರು. ಬೆರಳು ಅಲ್ಲೇ ನಿಂತಿತು. ನನ್ನ ಕಡೆ ತಿರುಗಲಿಲ್ಲ.

"ಕೊನಿ ಎಲ್ಲೈತಿ?"

ನನ್ನ ಕೈ ಎದೆಗೆ ಹೋಯಿತು. ಬೇರೆ ಅಂಗಿ ತೊಟ್ಟಿದ್ದೆ. ಮನೆಗೆ ಫೋನ್ ಮಾಡಿ ಮೊನ್ನೆಯ ಅಂಗಿಯ ಜೇಬು ನೋಡೆಂದೆ. ಹೆಂಡತಿ, "ಒಂದು ಪ್ಲಾಸ್ಟಿಕ್ ತುಣುಕು ಇತ್ರಿ. ಅಂಗಿ ಜೋಡಿ ಅದೂ ತೊಳದು ಹೋಗೈತಿ. ಕಿಟಕ್ಯಾಗ ಇಟ್ಟೀನಿ. ಬೇಕಾಗಿತ್ತೇನು?" ಎಂದಳು.

ಆ ಕೋಣೆಯಲ್ಲಿ ನಾನು ನಿಂತ ರೀತಿಯನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಮಾಸ್ತರರ ಚೀಲದಲ್ಲಿ ಯಾವಾಗಲೂ ಒಂದು ಬಿಡಿ ಟರ್ಮಿನೇಟರ್ ಇರುತ್ತಿತ್ತು. ಅದನ್ನು ಸಿಕ್ಕಿಸಲು ಕಣ್ಣು ಮುಚ್ಚಿ ತೆರೆಯುವಷ್ಟು ಹೊತ್ತು ಸಾಕು. ಬಾಗಿಲಲ್ಲಿ ಯಾರೂ ಇರಲಿಲ್ಲ. ನನ್ನ ಕಣ್ಣು ಆ ಚೀಲದ ಮೇಲಿತ್ತು. ಅವರಿಗೆ ಅದು ಕಂಡಿತು.

"ಈಗ ಇದನ್ನ ಹಾಕಿದ್ರ ಅವನ ಮಾತಿಗೆ ಸಾಕ್ಷಿ ಉಳಿಯಂಗಿಲ್ಲ" ಎಂದು ಬಾಗಿಲು ಹಾಗೆಯೇ ಮುಚ್ಚಿದರು. "ಸಾವ್ಕಾರ್ರನ್ನ ಕರಿ. ಮ್ಯಾನೇಜರ್ರನ್ನೂ. ಹಮಾಲರು ಇದ್ರ ಅವರೂ ಬರ್ಲಿ."

ಎಲ್ಲರೂ ಎಲಿವೇಟರಿನ ಹತ್ತಿರ ಸೇರಿದರು. ಮಾಸ್ತರರು ಬುಡದ ತಗ್ಗಿನ ಸುತ್ತ ಹಗ್ಗ ಕಟ್ಟಿಸಿ, ಹತ್ತಿರ ಯಾರೂ ಹೋಗಬಾರದೆಂದರು. ಮ್ಯಾನೇಜರರಿಗೆ ಸ್ಟೂಲು ಹಾಕಿಸಿ, ಸ್ಟಾರ್ಟ್ ಗುಂಡಿಯ ಎದುರಿಗೇ ಕೂರಿಸಿದರು.

"ಎಲಿವೇಟರ್ ಒಮ್ಮಿ ಚಾಲೂ ಮಾಡ್ರಿ. ಆಮ್ಯಾಲ ಈ ಗುಂಡಿನ ಯಾರೂ ಮುಟ್ಟದಂಗ ನೀವ ಕಾಯಿರಿ. ನಿಮ್ಮ ಕೈ ಅದರ ಮ್ಯಾಲ ಅಡ್ಡ ಇರ್ಲಿ."

ಮ್ಯಾನೇಜರ್ ನಕ್ಕರು. "ಮಾಸ್ತರ್ರ, ನಿಮ್ಮ ಮಷೀನಿಗೆ ದೆವ್ವ ಹಿಡದೈತೇನ್ರಿ?"

"ದೆವ್ವ ಅಲ್ರಿ. ಕೊನಿ ಇಲ್ಲ. ತೋರಸ್ತೀವಿ."

ಎಲಿವೇಟರ್ ತಿರುಗುತ್ತಿತ್ತು. ಗಾಳಿ ಊದುವ ದೊಡ್ಡ ಬ್ಲೋವರಿನ ಮೋಟಾರು ಚಾಲೂ ಆಗುವಾಗಿನ ವಿದ್ಯುತ್ತಿನ ಗದ್ದಲಕ್ಕೆ ಕೊನೆಯಿಲ್ಲದ ಸಾಲು ತಪ್ಪುತ್ತದೆ ಎಂದು ಅವರ ಅಂದಾಜು. ನನ್ನನ್ನು ಬ್ಲೋವರಿನ ಹತ್ತಿರ ನಿಲ್ಲಿಸಿದರು. ಚಾಲೂ ಮಾಡಿದೆ. ಏನೂ ಆಗಲಿಲ್ಲ. ನಿಲ್ಲಿಸಿ, ಮತ್ತೆ ಚಾಲೂ ಮಾಡಿದೆ. ಏನೂ ಆಗಲಿಲ್ಲ. ಹತ್ತು ಸಲ ಮಾಡಿರಬೇಕು. ಮಾಸ್ತರರು ಒಂದು ಗೋಣಿಚೀಲದ ಮೇಲೆ ಕೂತಿದ್ದರು, ಕೈಗಳೆರಡೂ ಮೊಣಕಾಲ ಮೇಲೆ. ಚಹಾ ಬಂತು. ಅವರು ಕುಡಿಯಲಿಲ್ಲ.

"ಹೊತ್ತು ಹೋತ್ರಿ. ಮಷೀನು ಚಲೋನ ಐತಿ, ಮನಷ್ಯಾಂದ ತಪ್ಪು" ಎಂದರು ಮ್ಯಾನೇಜರ್.

ಕಸ ಗುಡಿಸುವ ಒಬ್ಬ ಹೆಂಗಸು, "ಮ್ಯಾನೇಜರ್ ಸಾಹೇಬ್ರು ಪಗಾರಕ್ಕ ತಕ್ಕ ಕೆಲಸ ಮಾಡಿದ ದಿನ ಇದೊಂದ ನೋಡ್ರಿ, ಇನ್ನಷ್ಟು ಕುಂದುರ್ಲಿ" ಎಂದಳು. ಹಮಾಲರು ನಕ್ಕರು. ಮಾಲೀಕರು ಗಡಿಯಾರ ನೋಡಿದರು. ನನಗೆ ಅರ್ಥವಾದದ್ದು ಇಷ್ಟು: ಈಗ ಏನೂ ಆಗದಿದ್ದರೆ ಹುಸೇನಪ್ಪ ಸುಳ್ಳನಾಗುತ್ತಾನೆ. ಆಗಿಬಿಟ್ಟರೆ ನಾವು ಕೆಟ್ಟವರಾಗುತ್ತೇವೆ. ಆಗಲಿ ಎಂದು ನಾನು ಮನಸ್ಸಿನಲ್ಲಿ ಬೇಡಿಕೊಂಡೆನೇ? ಪ್ರಾಮಾಣಿಕವಾಗಿ ಬರೆಯಬೇಕೆಂದರೆ, ಮೊದಲ ಐದಾರು ಸಲ ಇಲ್ಲ. ಆಮೇಲೆ ಅವನ ಬ್ಯಾಂಡೇಜು ಕಣ್ಣಿಗೆ ಬಂತು. ಆಮೇಲೆ ಬೇಡಿಕೊಂಡೆ.

"ಇನ್ನೊಮ್ಮಿ" ಎಂದರು ಮಾಸ್ತರರು.

ಬ್ಲೋವರ್ ಗುಂಯ್ಯೆಂದಿತು. ಎಲಿವೇಟರ್ ನಿಂತಿತು.

ನಾನು ಎಣಿಸತೊಡಗಿದೆ. ಹದಿನಾಲ್ಕಕ್ಕೆ ಬಂದಾಗ ಒಳಗಿನ ಬೆಲ್ಟು ಒಮ್ಮೆ ಜಗ್ಗಿ, ಬಕೆಟ್ಟುಗಳು ಖಣಖಣ ಎನ್ನುತ್ತ ಮೇಲೇರತೊಡಗಿದವು. ಮ್ಯಾನೇಜರ್ ಸ್ಟೂಲು ಬೀಳಿಸಿಕೊಂಡು ಎದ್ದರು. ಎರಡೂ ಕೈ ಮೇಲೆತ್ತಿದ್ದರು.

"ನಾ ಒತ್ತಿಲ್ರಿ! ತಾನಾ ತಿರಿಗ್ತು!"

ಆಸ್ಪತ್ರೆಯ ಮಂಚದ ಮೇಲಿಂದ ಕೇಳಿದ್ದ ಅದೇ ಮಾತು. ಅವರಿಗೂ ಅದು ಹೊಳೆದಿರಬೇಕು. ಕೈ ಇಳಿಸಿ ನೆಲ ನೋಡಿದರು. ಹಮಾಲರು ಈ ಸಲ ನಗಲಿಲ್ಲ.

ಮಾಸ್ತರರು ಎದ್ದು, ಮೇನ್ ಸ್ವಿಚ್ ಇಳಿಸಿ, ಗಿರಣಿಯ ರಿಜಿಸ್ಟರ್ ತರಿಸಿದರು. ನಿಂತೇ ಬರೆದರು. ಮೊದಲ ಸಾಲು ಖಾಲಿ ಬಿಟ್ಟರು. ಎರಡನೆಯದರಲ್ಲಿ, ಮಾಡ್ಯೂಲುಗಳ ಸಾಲು ತಪ್ಪಿ ಮತ್ತೆ ಸರಿಯಾದಾಗ ಯಾರೂ ಒತ್ತದೆ ಮಷೀನು ಚಾಲೂ ಆಗದಂತೆ ಪ್ರೋಗ್ರಾಮ್ ಬರೆಯಬೇಕಿತ್ತು, ಹಾಗೆ ಬರೆಯದಿದ್ದುದು ತಮ್ಮ ತಪ್ಪು ಎಂದಿತ್ತು. ಮೂರನೆಯದರಲ್ಲಿ, ಫಿಟ್ಟರ್ ಮೇನ್ ಇಳಿಸದೆ ಕೈ ಹಾಕಬಾರದಿತ್ತು, ಆದರೆ ಅವನು ಗುಂಡಿ ಒತ್ತಿಲ್ಲ, ಇದನ್ನು ಎಲ್ಲರೂ ನೋಡಿದ್ದಾರೆ ಎಂದಿತ್ತು. ಅವನ ತಪ್ಪನ್ನೂ ಬಿಡಲಿಲ್ಲ, ಅವನದಲ್ಲದ್ದನ್ನು ಅವನ ಮೇಲೆ ಉಳಿಸಲೂ ಇಲ್ಲ. ಆಮೇಲೆ ಕಿವಿಯ ಮೇಲಿಂದ ತೆಗೆದಿದ್ದ ಆ ಪೆನ್ನನ್ನು ನನ್ನ ಕೈಗೆ ಕೊಟ್ಟರು.

"ಮೊದಲ್ನೇ ಸಾಲು ನಿಂದು. ನೀನ ಬರಿ."

ಬರೆದೆ. ಕೊನೆಯ ಟರ್ಮಿನೇಟರನ್ನು ತಿರುಗಿ ಹಾಕದೆ ನನ್ನ ಜೇಬಿನಲ್ಲಿ ಒಯ್ದೆ, ಎಂದು. ಸಹಿ ಹಾಕಿದೆ. ಅಕ್ಷರ ಸೊಟ್ಟಗೆ ಬಂದಿವೆ. ನನ್ನ ಡಿಪ್ಲೊಮಾ ಸರ್ಟಿಫಿಕೇಟು ಮನೆಯಲ್ಲಿ ಎಲ್ಲಿದೆಯೋ ಗೊತ್ತಿಲ್ಲ. ಆ ರಿಜಿಸ್ಟರಿನ ಹಾಳೆ ಎಲ್ಲಿದೆಯೆಂದು ಗೊತ್ತಿದೆ.

ಮಾಲೀಕರು ಓದಿ, ರಿಜಿಸ್ಟರ್ ಮುಚ್ಚಿದರು. "ಅಂವನ್ನ ನಾವು ನೋಡ್ಕೋತೀವಿ. ಕೆಲಸಾನೂ ಇರ್ತೈತಿ. ಆದ್ರ ನೀವು ನಾಳಿಯಿಂದ ಬರಬ್ಯಾಡ್ರಿ" ಎಂದರು.

"ಆತ್ರಿ" ಎಂದ ಮಾಸ್ತರರು ಸೀದಾ ಪ್ಯಾನಲ್ ಕೋಣೆಗೆ ಹೋಗಿ ಮುಚ್ಚಳ ಅಂಗಾತ ಇಟ್ಟರು. ಚೀಲದ ಬಿಡಿ ಟರ್ಮಿನೇಟರ್ ತೆಗೆದು ನನ್ನಿಂದ ಹಾಕಿಸಿದರು. ಪ್ರೋಗ್ರಾಮನ್ನು ತಾವೇ ತಿದ್ದಿದರು. ಬ್ಲೋವರನ್ನು ಇಪ್ಪತ್ತು ಸಲ ಚಾಲೂ ಮಾಡಿಸಿ ನೋಡಿದರು.

"ಬ್ಯಾಡ ಅಂದಾರಲ್ರಿ ಮಾಸ್ತರ್ರ" ಎಂದೆ.

"ನಾಳಿಯಿಂದ ಬ್ಯಾಡ ಅಂದಾರ. ಈ ಬೆಲ್ಟು ಇವತ್ತು ಸಂಜಿಗೆ ತಿರುಗ್ತೈತಿ."

ಬಳ್ಳಾರಿಗೆ ವಾಪಸಾಗುವ ಬಸ್ಸಿನಲ್ಲಿ ಅವರು ಕಿಟಕಿಯ ಕಡೆ ಕೂತಿದ್ದರು. ತೆಕ್ಕಲಕೋಟೆ ದಾಟಿದ ಮೇಲೆ, ನಾನು ಕೇಳದೆಯೇ ಜೇಬಿನ ಕಥೆ ಹೇಳಿದರು. ಇದು ನಾನು ಕಂಡದ್ದಲ್ಲ, ಅವರಿಂದ ಕೇಳಿದ್ದು.

ಮಾಡ್ಯೂಲುಗಳ ಕೆಲಸ ಕಲಿತ ಹೊಸತರಲ್ಲಿ ಅವರು ಒಂದು ಕಾರ್ಖಾನೆಯಲ್ಲಿದ್ದರಂತೆ. ಒಂದು ದಿನ ಹೀಗೆಯೇ ಕೊನೆಯ ತುಣುಕನ್ನು ಅಂಗಿಯ ಜೇಬಿಗೆ ಹಾಕಿಕೊಂಡು ಮರೆತರು. ಸಾಲು ಎರಡು ದಿನ ನಡೆದು ಕೈಕೊಟ್ಟಿತು. ಆ ಪಾಳಿಯಲ್ಲಿದ್ದದ್ದು ಅವರ ಜೊತೆಗಾರ. ಅವನೇ ಏನೋ ಕಳಚಿದ್ದಾನೆ ಎಂದು ಕಾರ್ಖಾನೆಯವರು ಅವನನ್ನು ಕೆಲಸದಿಂದ ತೆಗೆದುಹಾಕಿದರು. ಇವರಿಗೆ ತುಣುಕು ಸಿಕ್ಕದ್ದು ವಾರದ ಮೇಲೆ, ಅಂಗಿ ಒಗೆಯಲು ಹಾಕುವಾಗ.

"ಮರುದಿನ ಹೇಳಬೇಕಂತ ಹೋದೆ. ಅಲ್ಲಿ ಹೊಸಾ ಮನಷ್ಯಾ ಬಂದಿದ್ದ, ಕೊನಿನೂ ಹೊಸಾದು ಹಾಕಿದ್ರು. ಎಲ್ಲಾ ಚಲೋ ನಡದಿತ್ತು. ಈಗ ಯಾಕ ಹೇಳೋದು ಅನಿಸ್ತು. ಆಮ್ಯಾಲ ಅವನ ಊರಿಗೆ ಎರಡು ಸರ್ತಿ ಹೋಗಿದ್ದೆ. ಮನಿ ಬಿಟ್ಟು ಹೋಗಿದ್ರು. ಎಲ್ಲಿಗೆ ಅಂತ ಯಾರಿಗೂ ಗೊತ್ತಿಲ್ಲ."

ಸ್ವಲ್ಪ ದೂರ ಸಾಗಿದ ಮೇಲೆ, "ಮರತದ್ದು ತಪ್ಪಲ್ಲಪ. ಎಲ್ಲಾರೂ ಮರೀತಾರ. ಜೇಬು ಅನ್ನೋದು ಇದ್ರ, ಸಿಕ್ಕಿದ್ದನ್ನ ಮತ್ತ ಅಲ್ಲೇ ಇಟ್ಗೊಳ್ಳಾಕ ಮನಸಾಗ್ತೈತಿ" ಎಂದರು.

ಆ ವರ್ಷ ನಮ್ಮ ಅಂಗಡಿಗೆ ಜನ ಕಡಿಮೆಯಾದರು. ಸುದ್ದಿ ಗಿರಣಿಯಿಂದ ಗಿರಣಿಗೆ ಹೋಗಿತ್ತು. ಮಾಸ್ತರರು ಹಳೆಯ ಮೋಟಾರು ವೈಂಡಿಂಗ್ ಕೆಲಸ ಮತ್ತೆ ಹಿಡಿದರು. ಅರವತ್ತರ ಹತ್ತಿರದ ವಯಸ್ಸಿನಲ್ಲಿ ಬೆರಳಿಗೆ ವಾರ್ನಿಷ್ ಮೆತ್ತಿಕೊಂಡು ತಂತಿ ಸುತ್ತಿದರು. ನನ್ನನ್ನು ಬೈಯಲಿಲ್ಲ. ಬೇರೆ ಕಡೆ ನೋಡಿಕೋ ಎನ್ನಲೂ ಇಲ್ಲ. ಪ್ಯಾನಲಿನ ಕೆಲಸವೊಂದು ಹೇಗೋ ಬಂದಾಗ, ತುದಿ ತೆಗೆಯುವ ಕೆಲಸಕ್ಕೆ ನನ್ನನ್ನೇ ಕೂರಿಸಿದರು.

ಒಂದು ಸುಗ್ಗಿ ಕಳೆದ ಮೇಲೆ ತೆಕ್ಕಲಕೋಟೆಯ ಒಬ್ಬ ಗಿರಣಿ ಮಾಲೀಕರು ಅಂಗಡಿಯ ಬಾಗಿಲಲ್ಲಿ ನಿಂತರು.

"ತಮ್ಮ ತಪ್ಪು ತಾವ ತೋರ್ಸಿ ಕೆಲಸ ಕಳ್ಕಂಡೋರು ಇಲ್ಲೇ ಇರೋದೇನ್ರಿ?"

"ನಾವ ರಿ" ಎಂದರು ಮಾಸ್ತರರು, ತಂತಿಯಿಂದ ತಲೆ ಎತ್ತದೆ.

"ನಂದೊಂದು ಪ್ಯಾನಲ್ ಐತಿ. ಮಾಡಿದಾಂವ ಮೂರು ಸರ್ತಿ ಬಂದ, ಮೂರು ಸರ್ತಿನೂ ನಮ್ಮ ಹುಡುಗ್ರದ ತಪ್ಪು ಅಂದು ಹ್ವಾದ. ಬರ್ತೀರೇನು?"

ಮಾಸ್ತರರು ಕೈ ಒರೆಸಿಕೊಂಡು ಡಬ್ಬಿ ಎತ್ತಿಕೊಂಡರು. ಅವರ ಮುಖ ನೋಡಿ ನನಗೆ ನಾನೇ ಗೆದ್ದಂತೆ ಎನಿಸಿತು. ಆಮೇಲೆ ಒಂದೊಂದಾಗಿ ಗಿರಣಿಗಳು ಬಂದವು. ಸಿರುಗುಪ್ಪದ ಆ ಗಿರಣಿಯೂ ಮೂರನೆಯ ವರ್ಷಕ್ಕೆ ಕರೆಯಿತು. ಹೋದಾಗ ಪ್ಯಾನಲ್ ಕೋಣೆಯ ಬೀಗದ ಕೈ ಹುಸೇನಪ್ಪನ ಹತ್ತಿರವಿತ್ತು. ಮಷೀನು ಬಿಚ್ಚುವ ಮೊದಲು ಯಾರೇ ಆಗಲಿ ಅವನಿಂದ ಮೇನ್ ಇಳಿಸಿಕೊಳ್ಳಬೇಕು. ಮ್ಯಾನೇಜರೂ ಕೂಡ. ಮೂರು ಬೆರಳಿನ ಕೈಯಲ್ಲಿ ಅವನು ಬೀಗ ತೆಗೆಯುವ ಠೀವಿ ನೋಡಬೇಕು.

ಮಾಸ್ತರರು ಹೋದದ್ದು ಒಂದು ಬೆಳಿಗ್ಗೆ, ಬಸ್ಸಿಗೆ ಹೊರಡಲು ಚಪ್ಪಲಿ ಮೆಟ್ಟುವಾಗ. ಸುದ್ದಿ ತಿಳಿದು ನಾನು ಕುರುಗೋಡು ಮುಟ್ಟುವ ಹೊತ್ತಿಗೆ ಹುಸೇನಪ್ಪ ಆಗಲೇ ಬಂದಿದ್ದ. ಅವರನ್ನು ನಡುಮನೆಯಲ್ಲಿ ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆಗೆ ವಿಭೂತಿ, ಕೊರಳಿಗೆ ಹಾರ. ಅವರ ಅಕ್ಕನ ಮಗ ಬಟ್ಟೆಯಂಗಡಿಯಿಂದ ಹೊಸ ಬಿಳಿ ಅಂಗಿ ತಂದು ತೊಡಿಸಿದ್ದ. ಎಡ ಎದೆಯ ಮೇಲೆ ಗರಿಗರಿಯಾದ ಜೇಬು. ಬಂದವರು ಯಾರೂ ಅದನ್ನು ಗಮನಿಸಿದಂತಿರಲಿಲ್ಲ. ನಾನು ಹಾರದ ಕಡೆ ನೋಡಲು ಪ್ರಯತ್ನಿಸಿದೆ. ಕಣ್ಣು ಅಲ್ಲಿಗೇ ಹೋಗುತ್ತಿತ್ತು.

ಅವರ ಹೆಂಡತಿ ಪಕ್ಕದಲ್ಲಿ ಕೂತಿದ್ದರು. ನನ್ನನ್ನು ಕಂಡವರೇ ಸೆರಗಿನಿಂದ ಮುಖ ಒರೆಸಿಕೊಂಡರು.

"ಬಂದ್ಯಾ? ನಿನ್ನ ಚೀಲದಾಗ ಸಣ್ಣ ಕತ್ರಿ ಐತೇನಪ?"

"ಐತ್ರಿ ಅವ್ವಾರ."

"ಅದನ್ನ ತಗಿ" ಎಂದು ಜೇಬು ತೋರಿಸಿದರು. "ಜೇಬಿಟ್ಗಂಡು ಹೋಗಾಕ ಒಪ್ಪಾಂವ ಅಲ್ಲ ಅಂವ."

ಅಕ್ಕನ ಮಗ, "ಅತ್ತಿ, ಹೊತ್ತಾಗೈತಿ, ಹೊಸಾ ಅಂಗಿ ಹರೀತೈತಿ" ಎಂದ.

"ಹರಿಯಂಗಿಲ್ಲ. ನಿಮ್ಮ ಮಾವನ ಕೈಯಾಗ ಪಳಗಿದಾಂವ ಅದಾನ" ಎಂದರು.

ಹಾರವನ್ನು ಹುಸೇನಪ್ಪ ಪಕ್ಕಕ್ಕೆ ಸರಿಸಿ, ಮೂರು ಬೆರಳಿನಿಂದ ಬಟ್ಟೆಯನ್ನು ಬಿಗಿಯಾಗಿ ಹಿಡಿದ. ನಾನು ಮಂಡಿಯೂರಿ, ಜೇಬಿನ ಕೊನೆಯ ಹೊಲಿಗೆಯಿಂದ ಶುರು ಮಾಡಿದೆ. ಒಂದೊಂದೇ ಹೊಲಿಗೆಯ ಕೆಳಗೆ ಕತ್ತರಿಯ ಮೊನೆ ತೂರಿಸಿ ದಾರ ಕಡಿದೆ. ಅಂಗಿ ಹರಿಯಲಿಲ್ಲ. ಎಲ್ಲರೂ ಕಾದರು. ಜೇಬು ಇಡಿಯಾಗಿ ಬಿಟ್ಟು ಬಂತು. ಎದೆಯ ಮೇಲೆ ಸೂಜಿಯ ಸಣ್ಣ ತೂತುಗಳ ಸಾಲು ಉಳಿಯಿತು. ಅವ್ವಾರು ಅದನ್ನು ಬೆರಳಿನಿಂದ ತಿಕ್ಕಿ ತಿಕ್ಕಿ ಮುಚ್ಚಿದರು.

ಬಿಚ್ಚಿದ ಬಟ್ಟೆಯ ತುಂಡನ್ನು ಎಲ್ಲಿಡುವುದೆಂದು ತಿಳಿಯಲಿಲ್ಲ. ಕೈ ತಾನಾಗಿ ನನ್ನ ಎದೆಯತ್ತ ಹೋಯಿತು. ಅಲ್ಲಿ ಜೇಬಿಲ್ಲ. ಒಂಬತ್ತು ವರ್ಷದಿಂದ ನನ್ನ ಅಂಗಿಗಳನ್ನೂ ಅದೇ ಟೇಲರು ಹೊ‍ಲಿಯುತ್ತಾನೆ.

ಹುಸೇನಪ್ಪ ಅದನ್ನು ನೋಡಿದ. ಬಲಗೈ ಚಾಚಿದ. ಅವನ ಅಂಗೈಯಲ್ಲಿಟ್ಟೆ.